ಒಂದೇ ‘ಇಂಗ್’, ಕನ್ನಡದಲ್ಲಿ ನಾಲ್ಕು ರೂಪ: ಇಂಗ್ಲಿಷ್ ಕ್ರಿಯಾಪದಕ್ಕೆ ‘ಇಂಗ್’ ಸೇರಿಸುವ, ಬಳಸುವ ಸಮಗ್ರ ಮಾರ್ಗದರ್ಶಿ

ಕೆಲಸದ ಸಂದರ್ಶನಕ್ಕೆ ಹೋದ ನಮ್ಮ ಹುಡುಗರಿಗೆ ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂದರೆ ಬರುವ ಇಂಗ್ಲಿಷ್ ಹೆಚ್ಚುಕಡಿಮೆ ಹೀಗಿರುತ್ತದೆ: ‘ಐ ಆ್ಯಮ್ ಕಮಿಂಗ್ ಫ್ರಮ್ ಹಾಸನ್. ಐ ಆ್ಯಮ್ ಹ್ಯಾವಿಂಗ್ ಒನ್ ಸಿಸ್ಟರ್. ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್. ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್.’ ನಾಲ್ಕು ವಾಕ್ಯ, ನಾಲ್ಕು ‘ಇಂಗ್’. ಮೊದಲ ಮೂರಕ್ಕೆ ಇಂಗ್ ಬೇಕೇ ಇರಲಿಲ್ಲ. ನಾಲ್ಕನೆಯದಕ್ಕೆ ಬೇಕಿತ್ತು, ಆದರೆ ಅದರ ಹಿಂದೆ ಕೂತ ‘ಆ್ಯಮ್’ ತಪ್ಪು, ಮುಂದಿನ ‘ಸಿನ್ಸ್’ ಕೂಡ ತಪ್ಪು.

ಇದು ಓದದೆ ಆದ ತಪ್ಪಲ್ಲ. ಕನ್ನಡ ಚೆನ್ನಾಗಿ ಬರುವುದರಿಂದ ಆದ ತಪ್ಪು. ನಮ್ಮ ನಾಲಿಗೆಯಲ್ಲಿ ‘-ತಾ ಇದೀನಿ’ ಎಷ್ಟು ಸಲೀಸೋ, ಇಂಗ್ಲಿಷ್ ಮಾತಾಡುವಾಗ ‘ಆ್ಯಮ್... ಇಂಗ್’ ಅಷ್ಟೇ ಸಲೀಸಾಗಿ ನುಗ್ಗುತ್ತದೆ. ಹಾಗಾಗಿ ಕನ್ನಡವನ್ನು ಬದಿಗಿಟ್ಟು ಇದನ್ನು ಕಲಿಯುವುದಕ್ಕಿಂತ, ಕನ್ನಡವನ್ನೇ ಅಳತೆಗೋಲು ಮಾಡಿಕೊಂಡು ಕಲಿಯುವುದು ಸುಲಭ ಎಂಬುದು ನನ್ನ ಅನುಭವ.

ಮೊದಲು ಇದೊಂದು ಗೊತ್ತಿರಲಿ

ಇಂಗ್ಲಿಷ್‌ನ ‘ರೀಡಿಂಗ್’ ನೋಡಲು ಒಂದೇ ಪದ. ಕನ್ನಡಕ್ಕೆ ತಂದರೆ ನಾಲ್ಕಾಗುತ್ತದೆ.

‘ಶಿ ಈಸ್ ರೀಡಿಂಗ್’ ಎಂದರೆ ಅವಳು ಓದುತ್ತಿದ್ದಾಳೆ.
‘ರೀಡಿಂಗ್ ಈಸ್ ಹರ್ ಹಾಬಿ’ ಎಂದರೆ ಓದುವುದು ಅವಳ ಹವ್ಯಾಸ.
‘ದ ಗರ್ಲ್ ರೀಡಿಂಗ್ ದೇರ್’ ಎಂದರೆ ಅಲ್ಲಿ ಓದುತ್ತಿರುವ ಹುಡುಗಿ.
‘ಶಿ ಫೆಲ್ ಅಸ್ಲೀಪ್ ರೀಡಿಂಗ್’ ಎಂದರೆ ಓದುತ್ತಾ ನಿದ್ದೆಹೋದಳು.

ಓದುತ್ತಿದ್ದಾಳೆ, ಓದುವುದು, ಓದುತ್ತಿರುವ, ಓದುತ್ತಾ. ನಾವು ನಾಲ್ಕು ಬೇರೆ ಬೇರೆ ಬಾಲ ಅಂಟಿಸುವಲ್ಲಿ ಇಂಗ್ಲಿಷ್ ಒಂದೇ ಬಾಲದಲ್ಲಿ ಕೆಲಸ ಮುಗಿಸುತ್ತದೆ. ಮೊದಲು ಅಲ್ಲೂ ಹೀಗಿರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ‘ಓದುವುದು’ ಎಂಬ ಅರ್ಥಕ್ಕೆ ‘-ಉಂಗ್’ ಅಥವಾ ‘-ಇಂಗ್’, ‘ಓದುತ್ತಿರುವ’ ಎಂಬ ಅರ್ಥಕ್ಕೆ ‘-ಎಂಡೆ’ ಎಂಬ ಬೇರೆ ಪ್ರತ್ಯಯಗಳಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಎರಡೂ ಸವೆದು ಒಂದಾದವು. ಅದರ ದಾಯಾದಿ ಭಾಷೆ ಜರ್ಮನ್‌ನಲ್ಲಿ ‘-ಉಂಗ್’, ‘-ಎಂಡ್’ ಇವತ್ತಿಗೂ ಬೇರೆ ಬೇರೆಯೇ. ಅಂದರೆ ‘ಇಂಗ್’ ಗೊಂದಲವೆನಿಸಿದರೆ ತಪ್ಪು ನಿಮ್ಮದೊಬ್ಬರದೇ ಅಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ. ಬರೆಯುವುದು ಮೊದಲು, ಬಳಸುವುದು ಆಮೇಲೆ.

ಹಂತ 1: ಸ್ಪೆಲಿಂಗ್

ಬಹುಪಾಲು ಕ್ರಿಯಾಪದಗಳಿಗೆ ಏನೂ ಮಾಡಬೇಕಿಲ್ಲ. ಕೊನೆಗೆ ಐ-ಎನ್-ಜಿ ಬರೆದರೆ ಮುಗಿಯಿತು: ಗೋ, ಗೋಯಿಂಗ್, ಈಟ್, ಈಟಿಂಗ್, ವಾಕ್, ವಾಕಿಂಗ್. ಕೊನೆಯಲ್ಲಿ ವೈ ಇದ್ದರೂ ಹೆದರಬೇಡಿ. ‘ಸ್ಟಡೀಸ್’, ‘ಸ್ಟಡೀಡ್’ ಬರೆಯುವಾಗ ವೈ ಹೋಗಿ ಐ ಬರುತ್ತದೆ, ನಿಜ. ಆದರೆ ‘ಸ್ಟಡಿಯಿಂಗ್’ ಬರೆಯುವಾಗ ವೈ ಅಲ್ಲೇ ಉಳಿಯಬೇಕು: ಎಸ್-ಟಿ-ಯು-ಡಿ-ವೈ-ಐ-ಎನ್-ಜಿ. ವೈ ತೆಗೆದು ಐ ಹಾಕಿದರೆ ಎರಡು ಐ ಪಕ್ಕಪಕ್ಕ ಬಂದು ನಿಲ್ಲುತ್ತವೆ. ಇಂಗ್ಲಿಷ್‌ಗೆ ಆ ಜೋಡಿ ಕಂಡರಾಗದು. ‘ಸ್ಕೀಯಿಂಗ್’ನಂಥ ಎಲ್ಲೋ ಒಂದೆರಡು ಎರವಲು ಪದಗಳಲ್ಲಿ ಮಾತ್ರ ಸಹಿಸಿಕೊಳ್ಳುತ್ತದೆ.

ಕಷ್ಟವಿರುವುದು ಇ ಕಳೆಯುವುದರಲ್ಲಿ, ಅಕ್ಷರ ಜೋಡಿ ಮಾಡುವುದರಲ್ಲಿ. ಈ ಎರಡನ್ನೂ ಶಾಲೆಯಲ್ಲಿ ಬೇರೆ ಬೇರೆ ನಿಯಮವೆಂದು ಬಾಯಿಪಾಠ ಮಾಡಿಸುತ್ತಾರೆ. ನಿಜಕ್ಕೂ ಇವು ಒಂದೇ ಮಾತಿನ ಎರಡು ಮುಖ, ಮತ್ತು ಕನ್ನಡದವರಿಗೆ ಅದನ್ನು ಅರ್ಥಮಾಡಿಸುವುದು ತೀರಾ ಸುಲಭ.

ಕನ್ನಡದಲ್ಲಿ ‘ಬಿಡು’ ಬೇರೆ, ‘ಬೀಡು’ ಬೇರೆ. ದೀರ್ಘ ಎಲ್ಲಿದೆ ಎಂದು ಅಕ್ಷರದ ಪಕ್ಕದಲ್ಲೇ ಗುರುತು ಹಾಕಿಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಅಂಥ ಗುರುತಿಲ್ಲ. ಅದು ಪದದ ಕೊನೆಯಲ್ಲಿ, ಉಚ್ಚಾರವೇ ಇಲ್ಲದ ಒಂದು ಇ ಕೂರಿಸಿ ದೀರ್ಘದ ಕೆಲಸ ಮಾಡಿಸುತ್ತದೆ. ಎಚ್-ಒ-ಪಿ ಎಂದರೆ ‘ಹಾಪ್’, ಕುಂಟುತ್ತಾ ನೆಗೆಯುವುದು. ಎಚ್-ಒ-ಪಿ-ಇ ಎಂದರೆ ‘ಹೋಪ್’, ಆಸೆ. ಆ ಮೂಕ ಇ ನಮ್ಮ ದೀರ್ಘದ ಗುರುತು ಎಂದುಕೊಳ್ಳಿ.

ಈಗ ‘ಇಂಗ್’ ಬಂತು. ಅದರ ಮೊದಲ ಅಕ್ಷರ ಐ ಕೂಡ ಸ್ವರವೇ. ಇ ಮಾಡುತ್ತಿದ್ದ ಕೆಲಸವನ್ನು ಐ ವಹಿಸಿಕೊಳ್ಳುತ್ತದೆ, ಇ ನಿವೃತ್ತಿಯಾಗುತ್ತದೆ. ಹೋಪ್ ಎಂಬುದು ‘ಹೋಪಿಂಗ್’ ಆಗುವಾಗ ಎಚ್-ಒ-ಪಿ-ಐ-ಎನ್-ಜಿ. ಮೇಕ್, ಮೇಕಿಂಗ್, ರೈಟ್, ರೈಟಿಂಗ್, ಡ್ರೈವ್, ಡ್ರೈವಿಂಗ್. ಎಲ್ಲದರಲ್ಲೂ ಇ ಮಾಯ.

ಹಾಗಾದರೆ ಕುಂಟಿ ನೆಗೆಯುವ ‘ಹಾಪ್’ಗೆ ನೇರವಾಗಿ ಇಂಗ್ ಸೇರಿಸಿದರೆ? ಅದೂ ‘ಹೋಪಿಂಗ್’ ಆಗಿಬಿಡುತ್ತದೆ. ಅದನ್ನು ತಡೆಯಲು ನಡುವೆ ಇನ್ನೊಂದು ಪಿ ಗೋಡೆ ಕಟ್ಟುತ್ತಾರೆ: ಎಚ್-ಒ-ಪಿ-ಪಿ-ಐ-ಎನ್-ಜಿ. ಜೋಡಿ ಅಕ್ಷರದ ಅರ್ಥ ಇಷ್ಟೇ: ಹಿಂದಿನ ಸ್ವರ ಹ್ರಸ್ವ.

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಒತ್ತಕ್ಷರ ಕಂಡರೆ ಒತ್ತಿ ಹೇಳಲೇಬೇಕು; ‘ಕತೆ’ ಮತ್ತು ‘ಕತ್ತೆ’ ಒಂದೇ ಅಲ್ಲ. ಆ ಅಭ್ಯಾಸದಿಂದ ‘ರನ್ನಿಂಗ್’, ‘ಸ್ವಿಮ್ಮಿಂಗ್’, ‘ಶಾಪ್ಪಿಂಗ್’ ಎಂದು ಒತ್ತಿ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಎರಡು ಎನ್ ಬರೆದರೂ ಉಚ್ಚಾರ ಒಂದೇ ಎನ್: ‘ರನಿಂಗ್’. ಜೋಡಿ ಇರುವುದು ಕಣ್ಣಿಗೆ, ಬಾಯಿಗಲ್ಲ.

ಯಾವಾಗ ಜೋಡಿ ಮಾಡಬೇಕು? ಪದದ ಕೊನೆಯ ಮೂರು ಅಕ್ಷರ ನೋಡಿ. ವ್ಯಂಜನ, ಒಂದೇ ಸ್ವರ, ಮತ್ತೆ ಒಂದೇ ವ್ಯಂಜನ ಎಂದಿದ್ದರೆ ಕೊನೆಯದನ್ನು ಜೋಡಿ ಮಾಡಿ: ರನ್, ಸಿಟ್, ಕಟ್, ಗೆಟ್, ಸ್ಟಾಪ್, ಸ್ವಿಮ್, ಪ್ಲ್ಯಾನ್. ಎರಡು ಸ್ವರವಿದ್ದರೆ ಬೇಡ: ರೀಡ್, ರೇನ್, ಕುಕ್ ಇವುಗಳಲ್ಲಿ ಎರಡೆರಡು ಸ್ವರಾಕ್ಷರಗಳಿವೆ. ಕೊನೆಯಲ್ಲಿ ಎರಡು ವ್ಯಂಜನವಿದ್ದರೂ ಬೇಡ: ಹೆಲ್ಪ್, ಸ್ಟಾರ್ಟ್. ಡಬ್ಲ್ಯು, ಎಕ್ಸ್, ವೈ ಈ ಮೂರೂ ಎಂದೂ ಜೋಡಿಯಾಗುವುದಿಲ್ಲ: ಶೋಯಿಂಗ್, ಫಿಕ್ಸಿಂಗ್, ಪ್ಲೇಯಿಂಗ್. ‘ಕ್ವಿಟ್’ನಲ್ಲಿ ಯು ಮತ್ತು ಐ ಎರಡಿವೆಯಲ್ಲ ಎಂದು ಕೇಳಬೇಡಿ. ಕ್ಯು ಪಕ್ಕದ ಯು ಲೆಕ್ಕಕ್ಕಿಲ್ಲ, ಅದು ಕ್ಯು ಬಾಲ. ಆದ್ದರಿಂದ ‘ಕ್ವಿಟಿಂಗ್’ನಲ್ಲಿ ಎರಡು ಟಿ.

‘ಬಿ-ಗಿನ್’, ‘ಓ-ಪನ್’ ಎಂಬಂತೆ ಎರಡು ಮೂರು ತುಂಡಾಗಿ ಉಚ್ಚರಿಸುವ ಪದಗಳಲ್ಲಿ ಇನ್ನೊಂದು ಶರತ್ತು ಸೇರುತ್ತದೆ: ಒತ್ತು, ಅಂದರೆ ಹೇಳುವಾಗ ದನಿಯ ಭಾರ, ಕೊನೆಯ ಭಾಗದ ಮೇಲಿದ್ದರೆ ಮಾತ್ರ ಜೋಡಿ. ಕನ್ನಡದಲ್ಲಿ ದನಿಯ ಈ ಒತ್ತು ಅರ್ಥ ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಇದಕ್ಕೆ ಪಳಗಿಲ್ಲ. ‘ಕಿವಿಯಿಂದ ಗುರುತಿಸಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಈ ಹತ್ತು ಪದಗಳನ್ನು ನೆನಪಿಟ್ಟುಕೊಂಡರೆ ನಿತ್ಯದ ಬರವಣಿಗೆ ಸಾಗುತ್ತದೆ: ಬಿಗಿನ್, ಫರ್ಗೆಟ್, ಅಡ್ಮಿಟ್, ಪರ್ಮಿಟ್, ಸಬ್ಮಿಟ್, ರಿಗ್ರೆಟ್, ರೆಫರ್, ಪ್ರಿಫರ್, ಟ್ರಾನ್ಸ್‌ಫರ್, ಕಂಟ್ರೋಲ್. ಇವಕ್ಕೆಲ್ಲ ಜೋಡಿ. ಓಪನ್, ಲಿಸನ್, ವಿಸಿಟ್, ಆಫರ್, ಎಂಟರ್, ಆನ್ಸರ್, ಹ್ಯಾಪನ್, ಡೆವಲಪ್ ಇವಕ್ಕೆ ಒಂದೇ ಸಾಕು.

ಎಲ್ ಅಕ್ಷರ ಮಾತ್ರ ಈ ಒತ್ತಿನ ನಿಯಮಕ್ಕೆ ಸಿಗುವುದಿಲ್ಲ. ‘ಟ್ರಾವೆಲಿಂಗ್’, ‘ಕ್ಯಾನ್ಸಲಿಂಗ್’ ಪದಗಳಿಗೆ ಬ್ರಿಟಿಷರು ಎರಡು ಎಲ್ ಬರೆಯುತ್ತಾರೆ, ಅಮೆರಿಕನ್ನರು ಒಂದು. ನಮ್ಮ ಪಠ್ಯಪುಸ್ತಕ, ಪತ್ರಿಕೆಗಳ ಪದ್ಧತಿ ಬ್ರಿಟಿಷರದು. ಕಂಪ್ಯೂಟರ್ ಎರಡು ಎಲ್ ಕಂಡು ಕೆಂಪು ಗೆರೆ ಎಳೆದರೆ ಅದರ ಭಾಷೆ ಅಮೆರಿಕನ್ ಇಂಗ್ಲಿಷ್‌ನಲ್ಲಿದೆ ಎಂದರ್ಥ, ನೀವು ತಪ್ಪು ಮಾಡಿದ್ದೀರಿ ಎಂದಲ್ಲ.

ಉಳಿದ ಚಿಲ್ಲರೆ ಅಪವಾದಗಳನ್ನು ಬೇಗ ಮುಗಿಸೋಣ. ಐ-ಇ ಇಂದ ಮುಗಿಯುವ ಪದಗಳಲ್ಲಿ ಆ ಎರಡೂ ಹೋಗಿ ವೈ ಬರುತ್ತದೆ: ಡೈ, ಲೈ, ಟೈ ಇವು ಡಿ-ವೈ-ಐ-ಎನ್-ಜಿ ಎಂಬಂತೆ. ಎರಡು ಇ ಇದ್ದರೆ ಎರಡೂ ಉಳಿಯುತ್ತವೆ: ಸೀಯಿಂಗ್, ಅಗ್ರೀಯಿಂಗ್. ‘ಬೀ’ಗೆ ಇರುವುದೇ ಒಂದು ಇ, ಅದು ಮೂಕವೂ ಅಲ್ಲ; ಹಾಗಾಗಿ ‘ಬೀಯಿಂಗ್’ನಲ್ಲೂ ಅದು ಇರಲೇಬೇಕು. ಸಿ ಇಂದ ಮುಗಿದರೆ ಕೆ ಸೇರಿಸಿ, ಇಲ್ಲವಾದರೆ ‘ಪಿಕ್ನಿಕ್’ ಹೋಗಿ ‘ಪಿಕ್ನಿಸಿಂಗ್’ ಆದೀತು: ಪಿಕ್ನಿಕಿಂಗ್, ಪ್ಯಾನಿಕಿಂಗ್, ಮಿಮಿಕಿಂಗ್ ಎಲ್ಲಕ್ಕೂ ಸಿ-ಕೆ. ಇನ್ನು ಬಣ್ಣ ಹಾಕುವ ‘ಡೈ’ ಡಿ-ವೈ-ಇ. ಅದರ ಇ ತೆಗೆಯುವಂತಿಲ್ಲ, ತೆಗೆದರೆ ಸಾಯುವ ‘ಡೈಯಿಂಗ್’ ಆಗುತ್ತದೆ. ಇಳಕಲ್ ಸೀರೆಯ ನೂಲಿಗೆ ಬಣ್ಣ ಹಾಕುವ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವವರು ಈ ಒಂದು ಇ ಬಗ್ಗೆ ಜೋಪಾನ.

‘ರೈಟಿಂಗ್’ನಲ್ಲಿ ಒಂದೇ ಟಿ, ‘ರಿಟನ್’ನಲ್ಲಿ ಎರಡು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ತಪ್ಪುವ ಜಾಗ ಇದು. ಕಾರಣ ಈಗ ನಿಮಗೆ ಗೊತ್ತು: ಒಂದರಲ್ಲಿ ಸ್ವರ ‘ಐ’, ಇನ್ನೊಂದರಲ್ಲಿ ಹ್ರಸ್ವ ‘ಇ’.

ಉಚ್ಚಾರದ ಬಗ್ಗೆ ಒಂದೇ ಮಾತು. ವರ್ಣಮಾಲೆಯಲ್ಲಿ ಕ, ಖ, ಗ, ಘ ಆದಮೇಲೆ ಬರುವ ‘ಙ’ ನೆನಪಿದೆಯೇ? ಬಾಯಿಪಾಠ ಮಾಡಿ, ಆಮೇಲೆ ಜೀವಮಾನದಲ್ಲಿ ಎಲ್ಲೂ ಬಿಡಿಯಾಗಿ ಬರೆಯದ ಅಕ್ಷರ. ಇಂಗ್ಲಿಷ್‌ನ ಐ-ಎನ್-ಜಿ ಕೊನೆಗೆ ನಿಲ್ಲುವುದು ಅದರ ಮೇಲೆಯೇ. ಕೊನೆಯ ಗ ಗಟ್ಟಿಯಾಗಿ ಬೀಳಬಾರದು. ಮೂಗಿನಲ್ಲೇ ನಿಂತರೆ ಸರಿ.

ಹಂತ 2: ‘-ತಾ ಇದ್ದೇನೆ’ ಎಂಬ ಇಂಗ್

‘ಓದುತ್ತಾ ಇದ್ದೇನೆ’ಯನ್ನು ಬಿಡಿಸಿದರೆ ‘ಓದುತ್ತಾ’ ಮತ್ತು ‘ಇದ್ದೇನೆ’. ಇಂಗ್ಲಿಷ್‌ನಲ್ಲೂ ಇದೇ ಎರಡು ತುಂಡು, ಜಾಗ ಮಾತ್ರ ಅದಲುಬದಲು: ‘ಆ್ಯಮ್’ ಮೊದಲು, ‘ರೀಡಿಂಗ್’ ಆಮೇಲೆ. ಐ ಜತೆ ಆ್ಯಮ್, ಹಿ-ಶಿ-ಇಟ್ ಜತೆ ಈಸ್, ಉಳಿದವಕ್ಕೆ ಆರ್. ನಿನ್ನೆಯ ಮಾತಾದರೆ ವಾಸ್ ಅಥವಾ ವರ್. ಇಂಗ್ ಒಂಟಿಯಾಗಿ ವಾಕ್ಯ ಎಳೆಯಲಾರದು, ‘ಹಿ ಗೋಯಿಂಗ್’ ಎಂದರೆ ‘ಅವನು ಹೋಗುತ್ತಾ’ ಎಂದು ಅರ್ಧಕ್ಕೆ ನಿಲ್ಲಿಸಿದಂತೆ.

ಪ್ರಶ್ನೆ ಕೇಳುವಾಗ ನಮ್ಮವರು ಎಡವುವುದು ಹೆಚ್ಚು. ‘ವಾಟ್ ಯು ಆರ್ ಡೂಯಿಂಗ್?’ ಅಲ್ಲ, ‘ವಾಟ್ ಆರ್ ಯು ಡೂಯಿಂಗ್?’ ಕನ್ನಡದಲ್ಲಿ ಪ್ರಶ್ನೆಗಾಗಿ ಪದಗಳು ಜಾಗ ಬದಲಿಸಬೇಕಿಲ್ಲ, ರಾಗ ಎಳೆದರೆ ಸಾಕು. ಇಂಗ್ಲಿಷ್‌ನಲ್ಲಿ ಆರ್, ಈಸ್ ಎದ್ದು ಕರ್ತೃವಿನ ಮುಂದೆ ಬಂದು ಕೂರಬೇಕು.

ಈಗ ಮುಖ್ಯ ವಿಷಯ: ಎಲ್ಲಿ ಇಂಗ್ ಬೇಕು, ಎಲ್ಲಿ ಬೇಡ? ನಮ್ಮ ‘ಮಾಡ್ತೀನಿ’ ದಿನನಿತ್ಯಕ್ಕೂ ಆಗುತ್ತದೆ, ನಾಳೆಗೂ ಆಗುತ್ತದೆ: ‘ದಿನಾ ವಾಕಿಂಗ್ ಮಾಡ್ತೀನಿ’, ‘ನಾಳೆ ಫೋನ್ ಮಾಡ್ತೀನಿ’. ‘ಮಾಡ್ತಾ ಇದೀನಿ’ ಈ ಗಳಿಗೆಗೂ ಆಗುತ್ತದೆ, ಇಪ್ಪತ್ತು ವರ್ಷದ ವೃತ್ತಿಗೂ ಆಗುತ್ತದೆ: ‘ಅಪ್ಪ ವ್ಯವಸಾಯ ಮಾಡ್ತಾ ಇದ್ದಾರೆ’. ಇಂಗ್ಲಿಷ್ ಇಲ್ಲಿ ನಮಗಿಂತ ಜಿಪುಣ. ಈಗ ನಡೆಯುತ್ತಿರುವುದು, ಅಥವಾ ಸದ್ಯಕ್ಕೆ ಮಾತ್ರ ಇರುವುದು ಎಂದಾದರಷ್ಟೇ ಇಂಗ್. ಖಾಯಂ ಆದದ್ದು, ರೂಢಿಯಾದದ್ದು ಬರಿ ಕ್ರಿಯಾಪದ. ‘ಮೈ ಫಾದರ್ ಈಸ್ ಎ ಫಾರ್ಮರ್’ ಎಂದರೆ ಸಾಕು. ‘ಐ ಕಮ್ ಫ್ರಮ್ ಹಾಸನ್’ ಎಂದರೆ ಊರು ಹಾಸನ. ‘ಐ ಆ್ಯಮ್ ಕಮಿಂಗ್ ಫ್ರಮ್ ಹಾಸನ್’ ಎಂದರೆ ಬಸ್ಸು ಈಗಷ್ಟೇ ಚನ್ನರಾಯಪಟ್ಟಣ ದಾಟಿದೆ.

ಉತ್ತರ ಕರ್ನಾಟಕದವರಿಗೆ ಇಲ್ಲೊಂದು ಅನುಕೂಲವಿದೆ. ‘ಮಾಡಾಕತ್ತೀನಿ’ ಎನ್ನುವಾಗ ಕೆಲಸ ಕೈಯಲ್ಲಿದೆ ಎಂಬುದು ಕಿವಿಗೇ ಹೊಡೆಯುತ್ತದೆ. ‘ಮಾಡಾಕತ್ತೀನಿ’ ಎಂದು ಬಾಯಿಗೆ ಬಂದರೆ ಇಂಗ್, ‘ಮಾಡ್ತೀನಿ’ ಎಂದು ಬಂದರೆ ಬೇಡ ಎಂದು ಪರೀಕ್ಷಿಸಿಕೊಳ್ಳಬಹುದು. ಮೈಸೂರು, ಮಂಗಳೂರು ಕಡೆಯವರು ‘ಸದ್ಯಕ್ಕೆ’ ಎಂಬ ಪದ ಸೇರಿಸಿ ನೋಡಿ. ‘ಸದ್ಯಕ್ಕೆ ಬೆಂಗಳೂರಲ್ಲಿ ಪಿ.ಜಿ.ಯಲ್ಲಿದ್ದೇನೆ’ ಸರಿಹೊಂದಿದರೆ ‘ಐ ಆ್ಯಮ್ ಲಿವಿಂಗ್’. ‘ಸದ್ಯಕ್ಕೆ ನನಗೆ ಒಬ್ಬಳು ತಂಗಿ ಇದ್ದಾಳೆ’ ಎಂದರೆ ನಗು ಬರುತ್ತದೆ. ನಗು ಬಂದಲ್ಲಿ ಇಂಗ್ ಬೇಡ.

ನಾಳೆಯ ಕಾರ್ಯಕ್ರಮ ಗೊತ್ತಾಗಿದ್ದರೆ, ಟಿಕೆಟ್ ಬುಕ್ ಆಗಿದ್ದರೆ, ಅಲ್ಲೂ ಇಂಗ್ ಸರಿಯೇ: ‘ಐ ಆ್ಯಮ್ ಲೀವಿಂಗ್ ಟುಮಾರೋ’. ನಾವೂ ‘ನಾಳೆ ಹೊರಡ್ತಾ ಇದೀನಿ’ ಎನ್ನುತ್ತೇವಲ್ಲ, ಹಾಗೆಯೇ. ಇನ್ನೊಂದು ಬಳಕೆ ನನಗಿಷ್ಟ: ‘ಆಲ್ವೇಸ್’ ಜತೆ ಇಂಗ್ ಸೇರಿದರೆ ಅದು ದೂರು. ‘ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಕೀಸ್’ ಎಂದರೆ ‘ಯಾವಾಗ ನೋಡಿದರೂ ಬೀಗದ ಕೈ ಕಳ್ಕೊಂಡು ಕೂತಿರ್ತಾನೆ’ ಎಂದು ಗೊಣಗಿದ ಹಾಗೆ.

‘ಐದು ವರ್ಷದಿಂದ ಕೆಲಸ ಮಾಡ್ತಾ ಇದೀನಿ’ ಎಂಬುದಕ್ಕೆ ಬರೋಣ. ಇಲ್ಲಿ ಎರಡು ಬಲೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಆ್ಯಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ಇನ್ನೊಂದು, ನಮ್ಮ ‘-ಇಂದ’ ಎರಡು ಕೆಲಸ ಮಾಡುತ್ತದೆ. ‘2019ರಿಂದ’ ಎಂದರೆ ಶುರುವಾದ ಬಿಂದು, ಅದಕ್ಕೆ ‘ಸಿನ್ಸ್’. ‘ಐದು ವರ್ಷದಿಂದ’ ಎಂದರೆ ಅವಧಿಯ ಉದ್ದ, ಅದಕ್ಕೆ ‘ಫಾರ್’. ಹಾಗಾಗಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’.

ಮಾಡುವವರನ್ನು ಹೇಳದೆ ನಡೆಯುತ್ತಿರುವ ಕೆಲಸವನ್ನಷ್ಟೇ ಹೇಳಬೇಕಾದರೆ ‘ಬೀಯಿಂಗ್’ ಸೇರುತ್ತದೆ: ‘ದ ಬ್ರಿಡ್ಜ್ ಈಸ್ ಬೀಯಿಂಗ್ ಬಿಲ್ಟ್’, ಸೇತುವೆ ಕಟ್ಟಲಾಗುತ್ತಿದೆ. ಇದು ಇಂಗ್ಲಿಷ್‌ಗೇ ಹೊಸದು. 18ನೇ ಶತಮಾನದ ಕೊನೆಯವರೆಗೆ ‘ದ ಹೌಸ್ ಈಸ್ ಬಿಲ್ಡಿಂಗ್’ ಎಂದೇ ಹೇಳುತ್ತಿದ್ದರು. ಹೊಸ ರೂಪ ಬಂದಾಗ 19ನೇ ಶತಮಾನದ ವ್ಯಾಕರಣದವರು ಅದನ್ನು ಅಸಹ್ಯವೆಂದು ಬೈದರು. ಈಗ ಹಳೆಯದನ್ನು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಹಂತ 3: ‘ನನಗೆ’ ಎಂಬ ಪರೀಕ್ಷೆ

ಇಂಗ್ಲಿಷ್‌ನಲ್ಲಿ ಕೆಲವು ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಇಂಗ್ ಹತ್ತುವುದಿಲ್ಲ. ನೋ, ವಾಂಟ್, ಲೈಕ್, ನೀಡ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ಬಿಲಾಂಗ್, ಹ್ಯಾವ್ ಇತ್ಯಾದಿ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ವ್ಯಾಕರಣ ಪುಸ್ತಕಗಳು ಇವುಗಳ ಉದ್ದನೆಯ ಪಟ್ಟಿ ಕೊಡುತ್ತವೆ. ಕನ್ನಡಿಗರಿಗೆ ಆ ಪಟ್ಟಿಯ ಹಂಗು ಅಷ್ಟಾಗಿ ಬೇಕಿಲ್ಲ.

ಇವನ್ನು ಕನ್ನಡದಲ್ಲಿ ಹೇಳಿ ನೋಡಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಅರ್ಥವಾಗುತ್ತದೆ. ನನಗೆ ನೆನಪಿದೆ. ನನಗೆ ಒಬ್ಬಳು ತಂಗಿ ಇದ್ದಾಳೆ. ಎಲ್ಲೂ ‘ನಾನು’ ಇಲ್ಲ, ಎಲ್ಲ ‘ನನಗೆ’. ಮಾಡುವವನಲ್ಲ, ಅನುಭವಿಸುವವನು ಎಂಬುದನ್ನು ಕನ್ನಡ ಚತುರ್ಥಿ ವಿಭಕ್ತಿಯಲ್ಲೇ ಹೇಳಿಬಿಟ್ಟಿದೆ. ವಾಕ್ಯ ‘ನನಗೆ’ಯಿಂದ ಶುರುವಾದರೆ ಇಂಗ್ಲಿಷ್‌ನಲ್ಲಿ ಇಂಗ್ ಹಾಕುವ ಮುಂಚೆ ಕೈ ತಡೆಯಿರಿ. ‘ಐ ನೋ’, ‘ಐ ವಾಂಟ್’, ‘ಐ ಹ್ಯಾವ್ ಒನ್ ಸಿಸ್ಟರ್’.

ಹಾಗಾದರೆ ‘ಗೊತ್ತಿದೆ’ ಎನ್ನುವಾಗ ‘ಐ ಆ್ಯಮ್ ನೋಯಿಂಗ್’ ಎಂದು ಯಾಕೆ ಬರುತ್ತದೆ? ಅದರೊಳಗಿನ ‘ಇದೆ’ ಮಾಡಿದ ಮೋಸ ಎಂದು ನನಗನಿಸುತ್ತದೆ. ‘ಇದೆ’ ಕಂಡ ಕೂಡಲೇ ನಾವು ‘ಈಸ್, ಆ್ಯಮ್’ ಹುಡುಕುತ್ತೇವೆ, ಅದು ಸಿಕ್ಕ ಮೇಲೆ ಇಂಗ್ ತಾನಾಗಿ ಅಂಟುತ್ತದೆ.

ಫೋನಿನಲ್ಲಿ ‘ನನಗೆ ಕೇಳಿಸ್ತಾ ಇದೆ’ ಎನ್ನುವುದಕ್ಕೂ ಇದೇ ನಿಯಮ. ‘ಆರ್ ಯು ಹಿಯರಿಂಗ್ ಮಿ?’ ಅಲ್ಲ, ‘ಕ್ಯಾನ್ ಯು ಹಿಯರ್ ಮಿ?’ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಎಲ್ಲರೂ ‘ಆ್ಯಮ್ ಐ ಆಡಿಬಲ್?’ ಎಂದು ಕೇಳಲು ಶುರುಮಾಡಿರುವುದರಿಂದ ಈ ತಪ್ಪು ಅರ್ಧ ತಪ್ಪಿಹೋಗಿದೆ.

ಈ ಪರೀಕ್ಷೆ ಸೋಲುವ ಜಾಗಗಳೂ ಇವೆ. ‘ನಂಬು’ಗೆ ನಾವು ‘ನಾನು’ ಎನ್ನುತ್ತೇವೆ, ಆದರೂ ‘ಐ ಬಿಲೀವ್’ ಎನ್ನಬೇಕು, ಇಂಗ್ ಇಲ್ಲ. ‘ನನಗೆ ಚಳಿ ಆಗ್ತಿದೆ’ ಎಂಬುದಕ್ಕೆ ‘ಐ ಫೀಲ್ ಕೋಲ್ಡ್’, ‘ಐ ಆ್ಯಮ್ ಫೀಲಿಂಗ್ ಕೋಲ್ಡ್’ ಎರಡೂ ನಡೆಯುತ್ತವೆ. ಇನ್ನು ಒಂದೇ ಪದಕ್ಕೆ ಎರಡು ಅರ್ಥವಿದ್ದಾಗ ಕನ್ನಡ ಮತ್ತೆ ಕೈಹಿಡಿಯುತ್ತದೆ. ‘ಹ್ಯಾವ್’ ಎಂದರೆ ‘ಇದೆ’ ಎಂದಾಗ ಇಂಗ್ ಇಲ್ಲ. ‘ಊಟ ಮಾಡ್ತಾ ಇದೀನಿ’ ಎಂದಾಗ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಪಕ್ಕಾ ಸರಿ. ‘ಐ ಥಿಂಕ್’ ಎಂದರೆ ನನಗನಿಸುತ್ತದೆ. ‘ಐ ಆ್ಯಮ್ ಥಿಂಕಿಂಗ್’ ಎಂದರೆ ನಾನು ಯೋಚಿಸುತ್ತಿದ್ದೇನೆ. ನನಗೆ ಎಂದಲ್ಲಿ ಇಲ್ಲ, ನಾನು ಎಂದಲ್ಲಿ ಇದೆ. ‘ಯು ಆರ್ ರೂಡ್’ ಎಂದರೆ ನಿನ್ನ ಸ್ವಭಾವವೇ ಒರಟು. ‘ಯು ಆರ್ ಬೀಯಿಂಗ್ ರೂಡ್’ ಎಂದರೆ ಈಗ ಒರಟಾಗಿ ಆಡುತ್ತಿದ್ದೀಯ. ಜಗಳದಲ್ಲಿ ಎರಡನೆಯದು ಸ್ವಲ್ಪ ಕ್ಷೇಮ.

‘ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರು ಐ ಆ್ಯಮ್ ಲವಿಂಗ್ ಇಟ್ ಅನ್ನುತ್ತಾರಲ್ಲ?’ ಎಂದು ಕೇಳದ ವಿದ್ಯಾರ್ಥಿಯಿಲ್ಲ. 2003ರಿಂದ ಆ ಘೋಷವಾಕ್ಯ ಇದೆ, ಅದು ಕಿವಿಗೆ ಹಿಡಿಯುವುದೇ ನಿಯಮ ಮುರಿದದ್ದರಿಂದ. ‘ಈ ಕ್ಷಣ, ಈ ತುತ್ತು ಚಪ್ಪರಿಸುತ್ತಿದ್ದೇನೆ’ ಎಂಬ ಭಾವ ಅದರಲ್ಲಿದೆ. ಸ್ನೇಹಿತರ ಮಾತಿನಲ್ಲಿ ಹಾಗೆ ಹೇಳುವುದು ಈಗ ಇಂಗ್ಲಿಷ್ ಮನೆಮಾತಿನವರಲ್ಲೂ ರೂಢಿ. ಅರ್ಜಿಯಲ್ಲಿ ಬೇಡ. ನಮ್ಮ ‘ಐ ಆ್ಯಮ್ ಹ್ಯಾವಿಂಗ್ ಟೂ ಹೌಸಸ್’ ಭಾರತೀಯ ಇಂಗ್ಲಿಷ್‌ನ ಗುರುತಾಗಿ ಭಾಷಾವಿಜ್ಞಾನಿಗಳ ಪುಸ್ತಕ ಸೇರಿದೆ. ನಾವು ನಾವೇ ಮಾತಾಡುವಾಗ ಅದಕ್ಕೆ ನಾಚಬೇಕಿಲ್ಲ. ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವಾಗ ಮಾತ್ರ ನಾಚಿಕೊಳ್ಳಿ.

ಹಂತ 4: ‘-ಉವುದು’ ಎಂಬ ಇಂಗ್

‘ಈಜುವುದು ಒಳ್ಳೆಯದು’ ಎಂಬಲ್ಲಿ ಈಜುವುದು ನಾಮಪದದ ಜಾಗದಲ್ಲಿ ಕೂತಿದೆ. ‘ಸ್ವಿಮಿಂಗ್ ಈಸ್ ಗುಡ್’ ಕೂಡ ಹಾಗೆಯೇ. ಇಲ್ಲಿ ಆ್ಯಮ್, ಈಸ್‌ಗಳ ಆಸರೆ ಬೇಕಿಲ್ಲ.

ಫಾರ್, ಆಫ್, ಅಟ್, ಇನ್, ಬಿಫೋರ್, ಆಫ್ಟರ್, ವಿದೌಟ್ ಇಂಥ ಪದಗಳ ಬೆನ್ನಿಗೆ ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಕಡ್ಡಾಯ: ‘ಥ್ಯಾಂಕ್ ಯು ಫಾರ್ ಕಮಿಂಗ್’, ‘ಬಿಫೋರ್ ಈಟಿಂಗ್’, ‘ವಿದೌಟ್ ಟೆಲ್ಲಿಂಗ್ ಮಿ’. ಇದಕ್ಕೆ ಅಪವಾದ ಹುಡುಕುವ ಶ್ರಮ ಬೇಡ. ಕಾಡುವುದು ‘ಟು’ ಮಾತ್ರ, ಅದಕ್ಕೆ ಎರಡು ವೇಷ. ‘ಐ ವಾಂಟ್ ಟು ಗೋ’ದಲ್ಲಿ ಒಂದು, ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ದಲ್ಲಿ ಇನ್ನೊಂದು. ಗುರುತಿಸಲು ಟು ಆದಮೇಲೆ ಒಂದು ನಾಮಪದ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ಯುಗಾದಿ’ ಎನ್ನಬಹುದು, ಆದ್ದರಿಂದ ಅಲ್ಲಿ ಇಂಗ್. ‘ವಾಂಟ್ ಟು ಯುಗಾದಿ’ ಎನ್ನಲಾಗದು, ಆದ್ದರಿಂದ ಇಲ್ಲ. ಇಮೇಲ್ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆಯುವವರು ನಮ್ಮ ಕಚೇರಿಗಳಲ್ಲಿ ಎಷ್ಟು ಮಂದಿ!

ಇನ್ನು, ಒಂದು ಕ್ರಿಯಾಪದ ಆದಮೇಲೆ ಇನ್ನೊಂದು ಬಂದಾಗ ಇಂಗ್ ಹಾಕಬೇಕೋ ಟು ಹಾಕಬೇಕೋ? ಎಂಜಾಯ್, ಅವಾಯ್ಡ್, ಫಿನಿಶ್, ಸಜೆಸ್ಟ್, ಕೀಪ್, ಮೈಂಡ್, ಗಿವ್ ಅಪ್ ಇವು ಇಂಗ್ ಕೇಳುತ್ತವೆ. ವಾಂಟ್, ಡಿಸೈಡ್, ಹೋಪ್, ಪ್ರಾಮಿಸ್, ರೆಫ್ಯೂಸ್ ಇವು ಟು ಕೇಳುತ್ತವೆ. ಕನ್ನಡದಲ್ಲಿ ‘-ಉವುದನ್ನು’ ಬಂದರೆ ಇಂಗ್, ‘-ಅಲು’ ಅಥವಾ ಆಡುಮಾತಿನ ‘-ಓಕೆ’ ಬಂದರೆ ಟು ಎಂದು ಅಂದಾಜು ಮಾಡಬಹುದು: ‘ತಿನ್ನುವುದನ್ನು ಬಿಟ್ಟ’, ‘ಹೋಗಲು ನಿರ್ಧರಿಸಿದ’. ‘ಸಜೆಸ್ಟ್’ ಈ ಅಂದಾಜಿಗೆ ಸಿಗುವುದಿಲ್ಲ. ‘ಹೋಗಲು ಸೂಚಿಸಿದರು’ ಎಂದರೂ ಇಂಗ್ಲಿಷ್‌ನಲ್ಲಿ ‘ಸಜೆಸ್ಟೆಡ್ ಗೋಯಿಂಗ್’.

ಈ ಅಂದಾಜು ಹೊಳೆಯುವುದು ಎರಡೂ ಸರಿಯಿರುವ ಪದಗಳಲ್ಲಿ. ‘ಹಿ ಸ್ಟಾಪ್ಡ್ ಸ್ಮೋಕಿಂಗ್’: ಬೀಡಿ ಸೇದುವುದನ್ನು ನಿಲ್ಲಿಸಿದ. ‘ಹಿ ಸ್ಟಾಪ್ಡ್ ಟು ಸ್ಮೋಕ್’: ಬೀಡಿ ಸೇದೋಕೆ ನಿಂತ. ಹೆಂಡತಿಗೆ ಯಾವುದು ಹೇಳುತ್ತೀರಿ ಎಂಬುದರ ಮೇಲೆ ಸಂಸಾರದ ನೆಮ್ಮದಿ ನಿಂತಿದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’: ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’: ಬೀಗ ಹಾಕೋದು ಮರೀಬೇಡ. ಆದದ್ದಕ್ಕೆ ಇಂಗ್, ಆಗಬೇಕಾದ್ದಕ್ಕೆ ಟು.

‘ಡೈಲಿ ಐ ಡೂ ವಾಕಿಂಗ್’, ‘ವಿ ವೆಂಟ್ ಫಾರ್ ಶಾಪಿಂಗ್’ ಇವೂ ಕನ್ನಡದಿಂದ ಬಂದವೇ. ನಾವು ವಾಕಿಂಗ್, ಶಾಪಿಂಗ್‌ಗಳನ್ನು ಕನ್ನಡ ಪದ ಮಾಡಿಕೊಂಡು ‘ಮಾಡು’, ‘-ಗೆ ಹೋಗು’ ಸೇರಿಸಿದ್ದೇವೆ. ಇಂಗ್ಲಿಷ್‌ನಲ್ಲಿ ‘ಗೋ ವಾಕಿಂಗ್’, ‘ಗೋ ಶಾಪಿಂಗ್’ ಎಂದು ನೇರವಾಗಿ ಹೇಳುತ್ತಾರೆ.

ಹಂತ 5: ವಿಶೇಷಣವಾಗುವ ಇಂಗ್

‘ಸ್ಲೀಪಿಂಗ್ ಚೈಲ್ಡ್’ ಎಂದರೆ ಮಲಗಿರುವ ಮಗು. ‘ಸ್ಲೀಪಿಂಗ್ ಬ್ಯಾಗ್’ ಎಂದರೆ ಮಲಗಿರುವ ಚೀಲವಲ್ಲ, ಮಲಗಲು ಇರುವ ಚೀಲ. ಇದು ವಿಚಿತ್ರ ಎನಿಸಿದರೆ ನಮ್ಮ ‘ಕುಡಿಯುವ ಮಗು’, ‘ಕುಡಿಯುವ ನೀರು’ ನೆನಪಿಸಿಕೊಳ್ಳಿ. ನೀರು ಏನನ್ನೂ ಕುಡಿಯುವುದಿಲ್ಲ. ಹಾಗಾಗಿ ಡ್ರಿಂಕಿಂಗ್ ವಾಟರ್, ವಾಕಿಂಗ್ ಸ್ಟಿಕ್ ಇವು ನಮಗೆ ತೊಡಕೇ ಅಲ್ಲ.

ತೊಡಕು ‘ಬೋರಿಂಗ್’, ‘ಬೋರ್ಡ್’ ನಡುವೆ. ‘ಐ ಆ್ಯಮ್ ಬೋರಿಂಗ್’ ಎಂದರೆ ನಾನೇ ಬೇಸರ ಹುಟ್ಟಿಸುವ ಆಸಾಮಿ ಎಂದು ಒಪ್ಪಿಕೊಂಡಂತೆ. ಮತ್ತೆ ‘ನನಗೆ’ ಪರೀಕ್ಷೆಗೆ ಬನ್ನಿ. ‘ನನಗೆ ಬೋರಾಗ್ತಿದೆ’, ‘ನನಗೆ ಆಸಕ್ತಿಯಿದೆ’, ‘ನನಗೆ ಗೊಂದಲವಾಗಿದೆ’. ನನಗೆ ಆದದ್ದಕ್ಕೆ ಇಂಗ್ ಇಲ್ಲ: ಬೋರ್ಡ್, ಇಂಟರೆಸ್ಟೆಡ್, ಕನ್ಫ್ಯೂಸ್ಡ್. ನನಗೆ ಹಾಗೆ ಮಾಡಿದ ವಸ್ತುವಿಗೆ ಇಂಗ್: ಬೋರಿಂಗ್ ಭಾಷಣ, ಇಂಟರೆಸ್ಟಿಂಗ್ ಪುಸ್ತಕ, ಕನ್ಫ್ಯೂಸಿಂಗ್ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಕೊಡ ಹಿಡಿದು ಹೋಗುವ ‘ಬೋರಿಂಗ್’ ಅರ್ಥವೇ ಬೇರೆ, ಅದು ನೆಲ ಕೊರೆಯುವ ‘ಬೋರ್’ನಿಂದ ಬಂದದ್ದು.

ಹಂತ 6: ‘-ಉತ್ತಾ’ ಎಂಬ ಇಂಗ್

‘ಹಾಡುತ್ತಾ ಬಂದಳು’: ‘ಶಿ ಕೇಮ್ ಸಿಂಗಿಂಗ್’. ಹಾಡಿದವಳೂ ಬಂದವಳೂ ಒಬ್ಬಳೇ. ಕನ್ನಡದ ‘-ಉತ್ತಾ’ಗೂ ಇದೇ ಕಟ್ಟಳೆ, ಎರಡೂ ಕೆಲಸಕ್ಕೆ ಒಬ್ಬರೇ ಕರ್ತೃ. ಆದ್ದರಿಂದ ‘ವಾಕಿಂಗ್ ಡೌನ್ ದ ರೋಡ್, ಎ ಡಾಗ್ ಬಿಟ್ ಮಿ’ ಎಂದು ಬರೆದರೆ ನಡೆದು ಬಂದದ್ದು ನಾಯಿ. ಕನ್ನಡದಲ್ಲಿ ನಾವು ಸಹಜವಾಗಿ ‘ನಡೆಯುತ್ತಾ’ ಬಿಟ್ಟು ‘ನಡೆದು ಹೋಗುತ್ತಿದ್ದಾಗ ನಾಯಿ ಕಚ್ಚಿತು’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲೂ ಹಾಗೇ ಮಾಡಿ: ‘ವೈಲ್ ಐ ವಾಸ್ ವಾಕಿಂಗ್’. ಕೆಲಸ ಮುಗಿಸಿ ಮುಂದಿನದಕ್ಕೆ ಹೋದರೆ, ಅಂದರೆ ಕನ್ನಡದ ‘ಮುಗಿಸಿ’, ‘ಓದಿ’ ಇದ್ದಲ್ಲಿ ‘ಹ್ಯಾವಿಂಗ್ ಫಿನಿಶ್ಡ್’ ಎಂಬ ರೂಪವಿದೆ. ಬರಹದಲ್ಲಿ ಚೆಂದ, ಬಾಯಿಮಾತಿನಲ್ಲಿ ಪುಸ್ತಕದ ವಾಸನೆ ಹೊಡೆಯುತ್ತದೆ.

ಹಂತ 7: ಕೈ ಪಳಗಿಸಲು

ಉತ್ತರ ನೋಡುವ ಮುಂಚೆ ಇವನ್ನು ಇಂಗ್ಲಿಷ್ ಮಾಡಿ, ಬರೆದುಕೊಳ್ಳಿ. ಸ್ಪೆಲಿಂಗ್ ಸಮೇತ.

1. ಅಮ್ಮ ಬೆಳಿಗ್ಗೆಯಿಂದ ಅಡುಗೆ ಮಾಡ್ತಾ ಇದ್ದಾರೆ.
2. ನನಗೆ ಈ ಲೆಕ್ಕ ಅರ್ಥ ಆಗ್ತಾ ಇಲ್ಲ.
3. ಹೇಳದೆ ಹೋಗೋದು ಸರಿಯಲ್ಲ.
4. ಅವನು ಸುಳ್ಳು ಹೇಳ್ತಾ ಇದ್ದಾನೆ.
5. ಆಟ ಶುರುವಾಗ್ತಾ ಇದೆ.
6. ಬಸ್ಸಿಗೆ ಕಾಯುತ್ತಾ ಇದ್ದಾಗ ಮಳೆ ಬಂತು.

ಒಂದನೆಯದು ‘ಮದರ್ ಹ್ಯಾಸ್ ಬೀನ್ ಕುಕಿಂಗ್ ಸಿನ್ಸ್ ದಿಸ್ ಮಾರ್ನಿಂಗ್’. ಬೆಳಿಗ್ಗೆ ಎಂಬುದು ಶುರುವಾದ ಬಿಂದು, ಹಾಗಾಗಿ ಸಿನ್ಸ್. ಕುಕ್‌ನಲ್ಲಿ ಎರಡು ಒ ಇರುವುದರಿಂದ ಕೆ ಒಂದೇ. ಎರಡನೆಯದು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಿಸ್ ಸಮ್’, ‘ನನಗೆ’ ಇದೆಯಲ್ಲ. ಮೂರನೆಯದರಲ್ಲಿ ಎರಡು ಇಂಗ್: ‘ಲೀವಿಂಗ್ ವಿದೌಟ್ ಟೆಲ್ಲಿಂಗ್ ಈಸ್ ನಾಟ್ ರೈಟ್’. ನಾಲ್ಕನೆಯದು ‘ಹಿ ಈಸ್ ಲೈಯಿಂಗ್’, ಎಲ್-ವೈ-ಐ-ಎನ್-ಜಿ. ಐದನೆಯದು ‘ದ ಗೇಮ್ ಈಸ್ ಬಿಗಿನಿಂಗ್’, ನಡುವೆ ಎರಡು ಎನ್. ಆರನೆಯದಕ್ಕೆ ‘ವೇಟಿಂಗ್ ಫಾರ್ ದ ಬಸ್, ಇಟ್ ಸ್ಟಾರ್ಟೆಡ್ ರೇನಿಂಗ್’ ಎಂದು ಬರೆದಿದ್ದರೆ, ಬಸ್ಸಿಗೆ ಕಾದದ್ದು ಮಳೆ.